ಹೆಬ್ಬೆರಳು ಸುತ್ತಬಾರದು

ಮದುವೆಯಾಗಿ ನಾನು ಕುಣಿಗಲ್‌ಗೆ ಬಂದಾಗ ಆ ಕಾರು ಆಗಲೇ ಮನೆಯಲ್ಲಿತ್ತು. ನನ್ನ ಯಜಮಾನರು ಅಲ್ಲಿ ಸರ್ಕಾರಿ ದನದ ಡಾಕ್ಟರು. ಕುದುರೆ ಸಾಕಣೆಯ ಕೆಲಸದಲ್ಲಿದ್ದ ಹಿರಿಯ ಅಧಿಕಾರಿಯೊಬ್ಬರು ಊರು ಬಿಡುವಾಗ ಇವರಿಗೆ ಅದನ್ನು ಕೊಟ್ಟು ಹೋಗಿದ್ದರಂತೆ. ಇಂಗ್ಲೆಂಡಿನಲ್ಲಿ ತಯಾರಾದ, ಸ್ವಾತಂತ್ರ್ಯಕ್ಕೂ ಮೊದಲಿನ ಕಪ್ಪು ಕಾರು. ಅದರ ಬಾಗಿಲುಗಳು ಬೇರೆ ಕಾರುಗಳ ಹಾಗಲ್ಲ, ಹಿಂದುಮುಂದಾಗಿ ತೆರೆಯುತ್ತಿದ್ದವು. ಹತ್ತುವಾಗ ಪ್ರತಿ ಸಲವೂ ನನ್ನ ಸೀರೆಯ ನೆರಿಗೆ ಸಿಕ್ಕಿಕೊಳ್ಳುತ್ತಿತ್ತು.

ಭಾನುವಾರ ಬಂತೆಂದರೆ ಅವರು ಆ ಕಾರಿನ ಕೆಳಗೆ ಮಲಗಿರುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಕಾಫಿ ತೆಗೆದುಕೊಂಡು ಹೋದರೆ ಒಳಗಿನಿಂದಲೇ "ಅಲ್ಲೇ ಇಟ್ಟೋಗು" ಅನ್ನುತ್ತಿದ್ದರು. ಒಮ್ಮೆ ನೆಲದ ಮೇಲಿದ್ದ ಸ್ಪಾನರನ್ನು ಎತ್ತಿ ಕೊಡಲು ಬಗ್ಗಿದೆ. "ಮುಟ್ಬೇಡ, ಸೀರೆಗೆ ಗ್ರೀಸಾಗುತ್ತೆ" ಅಂದರು. ಅದೇನೂ ಬಿರುಸಾದ ಮಾತಲ್ಲ. ಆದರೂ ಆವತ್ತಿನಿಂದ ನಾನು ಕಾರಿನ ಶೆಡ್ಡಿನ ಹೊಸ್ತಿಲು ದಾಟಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ಅವರು ಒಳ್ಳೆಯವರೇ, ಕೈ ಎತ್ತಿದವರಲ್ಲ, ದನಿ ಏರಿಸಿದವರಲ್ಲ. ಹಳ್ಳಿಯವರ ಹತ್ತಿರ ಗಂಟೆಗಟ್ಟಲೆ ಮಾತಾಡುತ್ತಿದ್ದರು, ಕಟ್ಟಿಹಾಕಿದ ಎತ್ತಿನ ಹತ್ತಿರವೂ ಮಾತಾಡುತ್ತಿದ್ದರು. ಮನೆಗೆ ಬಂದರೆ ಏನು ಸಾರು ಎಂದು ಕೇಳುವಲ್ಲಿಗೆ ನಮ್ಮ ಮಾತು ಮುಗಿಯುತ್ತಿತ್ತು. ನಾನು ನನ್ನ ಹೊಲಿಗೆ ಮೆಷಿನ್ನಿನ ಮುಂದೆ ಕೂರುತ್ತಿದ್ದೆ. ಅಕ್ಕಪಕ್ಕದ ಹೆಂಗಸರ ರವಿಕೆ, ಮಕ್ಕಳ ಲಂಗ ಹೊಲಿಯುತ್ತಿದ್ದೆ. ಮೆಷಿನ್ ಕೆಟ್ಟರೆ ನಾನೇ ಬಿಚ್ಚಿ, ಎಣ್ಣೆ ಬಿಟ್ಟು, ಜೋಡಿಸುತ್ತಿದ್ದೆ. ಅದನ್ನು ಅವರು ಗಮನಿಸಿದ್ದರೋ ಇಲ್ಲವೋ ಗೊತ್ತಿಲ್ಲ.

ಎಪ್ಪತ್ತರ ದಶಕದ ಮೊದಲಲ್ಲಿ ಅವರಿಗೆ ಗುಬ್ಬಿಗೆ ವರ್ಗವಾಯಿತು. ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಂದು ಹೆಂಚಿನ ಮನೆ ಸಿಕ್ಕಿತು. ಪಕ್ಕದಲ್ಲಿ ಕಾರು ನಿಲ್ಲಿಸಲು ತಗಡಿನ ಶೆಡ್ಡು ಇತ್ತು. ಅವರು ಮನೆ ಒಪ್ಪಿದ್ದೇ ಆ ಶೆಡ್ಡು ನೋಡಿ.

ಅಲ್ಲಿಗೆ ಹೋದ ಮೇಲೆ ಒಂದು ಆಷಾಢದ ಬೆಳಿಗ್ಗೆ ಅವರು ಬಚ್ಚಲಮನೆಯಲ್ಲಿ ಬಿದ್ದರು. ಚೊಂಬು ಉರುಳಿದ ಸದ್ದು ಕೇಳಿ ಓಡಿದೆ. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಬಲಗೈ, ಬಲಗಾಲು ಅವರದ್ದೇ ಅಲ್ಲ ಎಂಬಂತೆ ಬಿದ್ದಿದ್ದವು. ಶೆಡ್ಡಿನಲ್ಲಿ ಕಾರಿತ್ತು, ಆದರೆ ಅದನ್ನು ಓಡಿಸುವವರು ಬಚ್ಚಲಲ್ಲಿ ಬಿದ್ದಿದ್ದರು. ಪಕ್ಕದ ಮನೆಯವರು ಕಾಯಿ ತುಂಬಿದ್ದ ಲಾರಿಯೊಂದನ್ನು ಅಡ್ಡಹಾಕಿ ನಿಲ್ಲಿಸಿದರು. ಡ್ರೈವರ್ ಪಕ್ಕದಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತುಮಕೂರು ಆಸ್ಪತ್ರೆಗೆ ಹೋದೆ.

ಜೀವ ಉಳಿಯಿತು. ದಸರಾ ಹೊತ್ತಿಗೆ ಕೋಲು ಹಿಡಿದು, ನನ್ನ ಹೆಗಲ ಮೇಲೆ ಭಾರ ಹಾಕಿ, ಜಗಲಿಯವರೆಗೆ ಬರುವಂತಾದರು. ಮಾತು ಮಾತ್ರ ಬರಲಿಲ್ಲ. ಬರಲೇ ಇಲ್ಲವೆಂದಲ್ಲ. ಒಂದೇ ಒಂದು ಮಾತು ಉಳಿದುಕೊಂಡಿತು. "ನಾಳೆ." ಯಾಕೆ ಆ ಮಾತೇ ಉಳಿಯಿತೋ ದೇವರಿಗೇ ಗೊತ್ತು.

"ಊಟ ಹಾಕ್ಲಾ ರೀ?"

"ನಾಳೆ."

ಮೊದಮೊದಲು ನಾನು ಬೇಡವೇನೋ ಎಂದುಕೊಂಡು ತಟ್ಟೆ ಎತ್ತಿಡುತ್ತಿದ್ದೆ. ಅವರು ಎಡಗೈಯಲ್ಲಿ ಕುರ್ಚಿ ಬಡಿಯುತ್ತಿದ್ದರು. ಹೊಟ್ಟೆ ಹಸಿದಿರುತ್ತಿತ್ತು, ಬಾಯಲ್ಲಿ ಬರುತ್ತಿದ್ದದ್ದು ನಾಳೆ. ಕ್ರಮೇಣ ರಾಗ ಹಿಡಿದೆ. ಎಳೆದು ಹೇಳಿದರೆ ಹೂಂ, ಕತ್ತರಿಸಿ ಹೇಳಿದರೆ ಉಹೂಂ, ಎರಡೆರಡು ಸಲ ಹೇಳಿದರೆ ಸಿಟ್ಟು. ನೋಡಲು ಬಂದವರಿಗೆ ಈ ರಾಗ ತಿಳಿಯುತ್ತಿರಲಿಲ್ಲ. ಆಫೀಸಿನವರು, ಹಳ್ಳಿಗಳ ರೈತರು ಬಂದರು. ಕಿತ್ತಳೆ ಹಣ್ಣು ಇಟ್ಟು ಎದುರಿಗೆ ಕೂತರು. "ಹೆಂಗಿದೀರಾ ಡಾಕ್ಟ್ರೇ?" "ನಾಳೆ." ಏನು ಮಾಡಬೇಕೆಂದು ತೋರದೆ ಎದ್ದು ಹೋದರು. ವರ್ಷ ತಿರುಗುವುದರಲ್ಲಿ ಬರುವವರು ನಿಂತೇಹೋದರು. ಅವರ ತಪ್ಪಲ್ಲ. ಒಂದೇ ಮಾತಿರುವ ಮನುಷ್ಯನ ಎದುರು ಎಷ್ಟು ಹೊತ್ತು ಕೂರಲಾದೀತು? ನಾನು ಮಾತ್ರ ಕೂತಿರುತ್ತಿದ್ದೆ. ಇಡೀ ಮಧ್ಯಾಹ್ನ ಗೂಡ್ಸ್ ರೈಲು ಹೋದ ಸದ್ದು, ನನ್ನ ಮೆಷಿನ್ನಿನ ಸದ್ದು, ಮತ್ತೆ ಏನೂ ಇಲ್ಲ. ಕೆಲವು ದಿನ ನನ್ನ ದನಿ ನನಗೇ ಕೇಳಲೆಂದು ನೂಲಿನ ಉಂಡೆಗಳ ಬಣ್ಣವನ್ನು ಜೋರಾಗಿ ಹೇಳಿಕೊಳ್ಳುತ್ತಿದ್ದೆ.

ಅವರ ಕುರ್ಚಿ ಜಗಲಿಯ ಮೇಲಿತ್ತು. ಅಲ್ಲಿಂದ ಬೀದಿ ಚೆನ್ನಾಗಿ ಕಾಣುತ್ತಿತ್ತು. ಅವರು ಬೀದಿ ನೋಡುತ್ತಿರಲಿಲ್ಲ, ಕತ್ತು ತಿರುಗಿಸಿ ಶೆಡ್ಡು ನೋಡುತ್ತಿದ್ದರು. ಕಾರಿನ ಟೈರುಗಳಲ್ಲಿ ಗಾಳಿ ಇಳಿದಿತ್ತು. ಪಕ್ಕದ ಮನೆಯ ಕೋಳಿ ಅದರ ಕೆಳಗೆ ಮೊಟ್ಟೆ ಇಡುತ್ತಿತ್ತು.

ಒಂದು ದಿನ ತುಮಕೂರಿನಿಂದ ನಮ್ಮ ಭಾವ, ಯಜಮಾನರ ಅಣ್ಣ, ಯಾರನ್ನೋ ಕರೆದುಕೊಂಡು ಬಂದರು. ಆ ಮನುಷ್ಯ ಕಾರಿನ ಸುತ್ತ ಒಂದು ಸುತ್ತು ಬಂದು ತಗಡನ್ನು ತಟ್ಟಿ ನೋಡಿದ. ಭಾವ ನನ್ನನ್ನು ಅಡಿಗೆಮನೆ ಬಾಗಿಲಿಗೆ ಕರೆದರು.

"ನೋಡಮ್ಮ, ಇವ್ರು ಹಳೇ ಕಬ್ಬಿಣದೋರು. ನಿಂತಲ್ಲೇ ತುಕ್ಕು ಹಿಡಿಯೋ ಬದ್ಲು ತಗೊಂಡೋಗ್ಲಿ. ಇನ್ನು ಯಾರು ಓಡಿಸ್ತಾರೆ ಇದ್ನ?"

ನಾನು ಉತ್ತರ ಹೇಳುವಷ್ಟರಲ್ಲಿ ಜಗಲಿಯಿಂದ ಸದ್ದು ಬಂತು. ಯಜಮಾನರು ಎದ್ದು ನಿಲ್ಲಲು ಹೋಗಿ ಕುರ್ಚಿಯ ಸಮೇತ ವಾಲಿದ್ದರು. "ನಾಳೆ ನಾಳೆ ನಾಳೆ ನಾಳೆ" ಎಂದು ಕೂಗುತ್ತಿದ್ದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಭಾವನವರು ಅದನ್ನು ಬೇರೆ ಅರ್ಥ ಮಾಡಿಕೊಂಡರು. "ಸರಿ ಬಿಡಪ್ಪ, ನಾಳೆನೇ ಬರ್ತೀವಿ" ಅಂದರು.

"ಬರೋದು ಬೇಡ ಭಾವ" ಅಂದೆ ನಾನು. "ಕಾರು ಕೊಡಲ್ಲ."

ಆ ಮನೆಯಲ್ಲಿ ಒಂದು ವಿಷಯವನ್ನು ನಾನೊಬ್ಬಳೇ ತೀರ್ಮಾನ ಮಾಡಿದ್ದು ಅದೇ ಮೊದಲು. ಭಾವ ಮುಖ ಗಂಟಿಕ್ಕಿಕೊಂಡು ಹೋದರು. ಹೇಳುವುದನ್ನೇನೋ ಹೇಳಿಬಿಟ್ಟೆ, ಮುಂದೇನು ಎಂದು ತಿಳಿದಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಲಾರಿ ಮೆಕ್ಯಾನಿಕ್ಕನ್ನು ಕರೆಸಿದೆ. ಆತ ಒಳ್ಳೆಯ ಮನುಷ್ಯ. ಬಾನೆಟ್ ಎತ್ತಿ ನೋಡಿ, "ಅಮ್ಮಾ, ನಂಗೆ ಲಾರಿ ಕೆಲ್ಸನೇ ಕೈತುಂಬಾ ಅದೆ. ಇದ್ರ ಸಾಮಾನು ನಂ ತಾವ ಸಿಗಾಕಿಲ್ಲ. ಡಾಕ್ಟ್ರೇ ಮಾಡ್ಕೊತಿದ್ರಲ್ಲ, ಅವ್ರನ್ನೇ ಕೇಳಿ" ಅಂದ. ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿ, ತಲೆ ತಗ್ಗಿಸಿ ಹೋದ.

ನಾನು ಮಾತ್ರ ಆ ಮಾತನ್ನು ಬಿಡಲಿಲ್ಲ. ಕೇಳಿದರೇನಂತೆ?

ಮಾರನೆಯ ಬೆಳಿಗ್ಗೆ ಅಡಿಗೆ ಬೇಗ ಮುಗಿಸಿ, ಹಳೆಯ ಸೀರೆಯೊಂದನ್ನು ಎತ್ತಿ ಕಟ್ಟಿಕೊಂಡೆ. ಯಜಮಾನರನ್ನು ನಡೆಸಿಕೊಂಡು ಹೋಗಿ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಕೋಳಿಯನ್ನು ಓಡಿಸಿದೆ. ಬಾನೆಟ್ಟಿನ ಕೊಂಡಿ ಯಾವುದೆಂದೇ ಗೊತ್ತಿರಲಿಲ್ಲ. ಅವರು ಕೋಲು ಚಾಚಿ ತೋರಿಸಿದರು. ಎತ್ತಿದೆ. ಒಳಗೆ ಧೂಳು, ಜೇಡರ ಬಲೆ, ಕೊಳವೆ, ತಂತಿ. ಎಲ್ಲಿಂದ ಶುರು ಮಾಡಲಿ?

"ಇದಾ?" ಎಂದು ಒಂದನ್ನು ಮುಟ್ಟಿದೆ. ಚುಟುಕಾಗಿ "ನಾಳೆ." ಅಲ್ಲ. "ಹಾಗಾದ್ರೆ ಇದಾ?" ಉದ್ದನೆಯ "ನಾಳೇ..." ಹೌದು.

ಹೀಗೆ ಶುರುವಾಯಿತು ನನ್ನ ಪಾಠ. ಅವರಿಗೆ ಹೆಸರು ಹೇಳಲು ಬರುತ್ತಿರಲಿಲ್ಲ, ನನಗೆ ಹೆಸರು ಗೊತ್ತಿರಲಿಲ್ಲ. ಆದ್ದರಿಂದ ನಾನೇ ಹೆಸರಿಟ್ಟೆ. ಪೆಟ್ರೋಲು ನಿಲ್ಲುವ ಹಿತ್ತಾಳೆಯ ಚಿಕ್ಕ ಪಾತ್ರೆಗೆ ಗಿಂಡಿ ಅಂದೆ. ನಾಲ್ಕು ಪ್ಲಗ್ಗಿಗೂ ಕಿಡಿ ಹಂಚುವ, ಕಪ್ಪು ಮುಚ್ಚಳದ ಡಬ್ಬಿಗೆ ಭರಣಿ. ಅದರೊಳಗೆ ಒಂದಕ್ಕೊಂದು ತಾಗಿ ಬಿಡುವ ಪುಟ್ಟ ಲೋಹದ ತುಟಿಗಳಿದ್ದವು. ಅವುಗಳ ಹೆಸರು ಪಾಯಿಂಟು ಎಂದು ಆಮೇಲೆ ತಿಳಿಯಿತು. ನಾನು ಅವುಗಳನ್ನು ಕೊಕ್ಕು ಅನ್ನುತ್ತಿದ್ದೆ. ನಾನಿಟ್ಟ ಆ ಹೆಸರು ಕೇಳಿ ಮೊದಲ ಸಲ ಅವರ ಬಾಯಿಯ ಎಡತುದಿ ಮೇಲಕ್ಕೆ ಹೋಯಿತು. ನಕ್ಕಿದ್ದರು.

ಹೌದು, ಅಲ್ಲ ಎಂಬ ಎರಡೇ ಉತ್ತರ ಸಿಗುವಾಗ ಪ್ರಶ್ನೆಯನ್ನು ತುಂಬಾ ಯೋಚಿಸಿ ಕೇಳಬೇಕಾಗುತ್ತದೆ. "ಏನಾಗಿದೆ?" ಎಂದು ಕೇಳಿ ಪ್ರಯೋಜನವಿಲ್ಲ. ಪೆಟ್ರೋಲು ಗಿಂಡಿಯವರೆಗೆ ಬರುತ್ತಿದೆಯೇ, ಬಂದರೆ ಅಲ್ಲಿಂದ ಮುಂದೆ ಹೋಗುತ್ತಿದೆಯೇ, ಕಿಡಿ ಬರುತ್ತಿದೆಯೇ. ಹೆಜ್ಜೆ ಹೆಜ್ಜೆಯಾಗಿ ನಾನೇ ಯೋಚಿಸಬೇಕು, ನಾನು ತಪ್ಪಿದ ಕಡೆ ಅವರು ತಡೆಯಬೇಕು. ಸೀಮೆಎಣ್ಣೆಯ ಬಟ್ಟಲಲ್ಲಿ ಭಾಗಗಳನ್ನು ತೊಳೆದು, ಹಳೆಯ ಸೀರೆಯ ಮೇಲೆ ಬಿಚ್ಚಿದ ಸಾಲಿನಲ್ಲೇ ಜೋಡಿಸುತ್ತಿದ್ದೆ. ಪ್ಲಗ್ಗುಗಳ ಮಸಿ ಕೆರೆದೆ. ಕೊಕ್ಕುಗಳನ್ನು ಉಪ್ಪುಕಾಗದದಿಂದ ನಯ ಮಾಡಿ, ನಡುವೆ ಪೋಸ್ಟ್ ಕಾರ್ಡ್ ತೂರುವಷ್ಟು ಸಂದಿ ಬಿಟ್ಟೆ. ತೀರಾ ಬಿಗಿಯಾಗಬಾರದು, ಸಡಿಲವೂ ಆಗಬಾರದು, ಕಾರ್ಡು ಎಳೆದಾಗ ಒಂದಿಷ್ಟು ಹಿಡಿದ ಹಾಗಿರಬೇಕು. ಹೊಲಿಗೆ ಮೆಷಿನ್ನಿನ ನೂಲು ಬಿಗಿ ಮಾಡುವ ತಿರುಪಿನಿಂದ ಆ ಹಿಡಿತ ನನ್ನ ಬೆರಳಿಗೆ ಗೊತ್ತಿತ್ತು. ಅವರು ತಾವೇ ಎಡಗೈಯಿಂದ ಕಾರ್ಡು ಎಳೆದು ನೋಡಿ, ನನ್ನ ಮುಖ ನೋಡಿದರು.

ಪೆಟ್ರೋಲ್ ಪಂಪಿನೊಳಗೆ ಎಣ್ಣೆ ಹತ್ತಿದ ಬಟ್ಟೆಯಂಥ ಒಂದು ಪೊರೆ ಇರುತ್ತದೆ. ಅದು ಮೇಲೆ ಕೆಳಗೆ ಆಡಿದರೆ ಪೆಟ್ರೋಲು ಎಳೆಯುತ್ತದೆ. ನಮ್ಮದು ಹರಿದು ಚಿಂದಿಯಾಗಿತ್ತು. ಅದನ್ನು ಪೇಪರಿನಲ್ಲಿ ಸುತ್ತಿಕೊಂಡು, ಯಜಮಾನರನ್ನು ಪಕ್ಕದ ಮನೆಯ ಅಕ್ಕನಿಗೆ ಒಪ್ಪಿಸಿ, ಬಸ್ಸಿನಲ್ಲಿ ತುಮಕೂರಿಗೆ ಹೋದೆ. ಬಿ.ಎಚ್. ರಸ್ತೆಯಲ್ಲಿ ಬಿಡಿಭಾಗದ ಅಂಗಡಿ ಒಂದೊಂದನ್ನೂ ಹತ್ತಿ ಇಳಿದೆ.

"ಯಾವ ಗಾಡಿಗಮ್ಮ?" ಎಂದು ಕೇಳುವುದು, ಹೇಳಿದರೆ ನಗುವುದು. "ಅದು ಇನ್ನೂ ಐತಾ? ಡ್ರೈವರ್‌ನ ಕಳಿಸಿ, ಮಾತಾಡ್ತೀವಿ" ಎಂದ ಒಬ್ಬ. ಕೊನೆಯ ಅಂಗಡಿಯ ಸಾಬರು ಮಾತ್ರ ಪೊರೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಸಿಗೋಲ್ಲ ಬೇಟಿ. ರಬ್ಬರ್ ಹಾಕಿದ ಬಟ್ಟೆ ಒಂದ್ ತುಂಡು ಕೊಡ್ತೀನಿ, ಬೇಕಾದ್ರೆ ಕತ್ತರಿಸಿ ನೋಡಿ" ಅಂದರು.

ಕತ್ತರಿಸುವುದು ನನ್ನ ಕೆಲಸವೇ. ಮನೆಗೆ ಬಂದು ಹರಿದ ಪೊರೆಯ ತುಂಡುಗಳನ್ನು ಹಲಗೆಯ ಮೇಲೆ ಜೋಡಿಸಿ, ಸುತ್ತ ಸೀಮೆಸುಣ್ಣದ ಗೆರೆ ಎಳೆದೆ. ರವಿಕೆ ಕಂಕುಳಿಗೆ ಬಟ್ಟೆ ಕತ್ತರಿಸುವ ಹಾಗೆ ಕತ್ತರಿ ತಿರುಗಿಸಿದೆ. ಸುತ್ತಲಿನ ತೂತುಗಳನ್ನು ಕಾಜಾ ಮಾಡುವ ಮೊಳೆಯಿಂದ ಹೊಡೆದೆ. ಎರಡು ಪದರ ಮಾಡಿ ಅವರ ಕೈಗೆ ಕೊಟ್ಟೆ. ಅವರು ಹೆಬ್ಬೆರಳಿನಿಂದ ಅಂಚನ್ನು ಸವರುತ್ತಾ ಸುತ್ತಲೂ ಒಂದು ಸಲ ಬೆರಳಾಡಿಸಿದರು, ಇನ್ನೊಂದು ಸಲ ಆಡಿಸಿದರು. ಈ ಕತ್ತರಿಯ ಕೆಲಸ ಅವರಿಗೆ ಬರುತ್ತಿರಲಿಲ್ಲ. ಇಷ್ಟು ವರ್ಷ ಪಕ್ಕದ ಕೋಣೆಯಲ್ಲಿ ನಾನು ಮಾಡುತ್ತಿದ್ದದ್ದು ಏನೆಂದು ಅವರು ಅವತ್ತು ನೋಡಿದರು ಅನ್ನಿಸಿತು. ನನಗೆ ಸಂತೋಷವಾಯಿತು, ಸಿಟ್ಟೂ ಬಂತು. ನೋಡಲು ಇಷ್ಟೆಲ್ಲಾ ಆಗಬೇಕಿತ್ತೇ?

ಬ್ಯಾಟರಿ ಸತ್ತಿತ್ತು. ಆ ಕಾರಿಗೆ ಮುಂದೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸಿದರೂ ಸ್ಟಾರ್ಟ್ ಆಗುತ್ತದೆ, ಆದರೆ ಕಿಡಿಗೆ ಬ್ಯಾಟರಿ ಬೇಕೇ ಬೇಕು. ಲಾರಿ ಮೆಕ್ಯಾನಿಕ್ ಒಂದು ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ತಂದು ಕೂರಿಸಿಕೊಟ್ಟ. ಅವನು ಹೋದ ಮೇಲೆ ನಾನು ಸೆರಗು ಸಿಕ್ಕಿಸಿ ಹ್ಯಾಂಡಲ್ ಹಿಡಿದೆ. ರುಬ್ಬುಗುಂಡು ಹಿಡಿಯುವ ಹಾಗೆ ಗಟ್ಟಿಯಾಗಿ, ಐದೂ ಬೆರಳು ಸುತ್ತಿ. ಯಜಮಾನರು ಹಿಂದಿನಿಂದ "ನಾಳೆ! ನಾಳೆ!" ಎಂದರು. ಸಿಟ್ಟಿನ ರಾಗ. ಯಾಕೆಂದು ತಿಳಿಯಲಿಲ್ಲ. ಉತ್ಸಾಹದಲ್ಲಿ ತಿರುಗಿಸಿಬಿಟ್ಟೆ.

ನಾನು ಭರಣಿಯನ್ನು ಜೋಡಿಸುವಾಗ ಒಂದಿಷ್ಟು ತಿರುಗಿಸಿ ಕೂರಿಸಿದ್ದೆ. ಕಿಡಿ ಬೀಳಬೇಕಾದ ಹೊತ್ತಿಗಿಂತ ಮೊದಲೇ ಬಿತ್ತು. ಹ್ಯಾಂಡಲ್ ಹಿಂದಕ್ಕೆ ಎಗರಿತು. ಕುದುರೆ ಒದ್ದ ಹಾಗೆ. ಮಣಿಕಟ್ಟಿನಲ್ಲಿ ಲಟಕ್ ಅಂದದ್ದು ನನಗೇ ಕೇಳಿಸಿತು. ನೆಲದ ಮೇಲೆ ಕೂತುಬಿಟ್ಟೆ. ಅವರು ಕುರ್ಚಿಯಿಂದ ಜಾರಿ, ಒಂದೇ ಕೈಯಲ್ಲಿ ನೆಲ ತಳ್ಳುತ್ತಾ ತೆವಳಿಕೊಂಡು ನನ್ನ ಹತ್ತಿರ ಬಂದರು. ಬಾಯಲ್ಲಿ ಆ ಒಂದು ಮಾತೂ ಬರಲಿಲ್ಲ. ಇಬ್ಬರೂ ಎಣ್ಣೆ ಕಲೆಯ ನೆಲದ ಮೇಲೆ ಕೂತಿದ್ದೆವು. ಎಬ್ಬಿಸುವವರು ಯಾರೂ ಇರಲಿಲ್ಲ. ಪಕ್ಕದ ಮನೆಯ ಅಕ್ಕ ಕೋಳಿ ಹುಡುಕಿಕೊಂಡು ಬಂದಾಗಲೇ ನಮ್ಮನ್ನು ಕಂಡದ್ದು.

"ಅಯ್ಯೋ ಡಾಕ್ಟ್ರಮ್ಮ, ನಿಮ್ಗೆ ಯಾಕೆ ಬೇಕಿತ್ತು ಈ ಗಂಡಸ್ರ ಕೆಲ್ಸ?" ಎಂದು ಬೈಯುತ್ತಲೇ ಇಬ್ಬರನ್ನೂ ಎಬ್ಬಿಸಿದಳು. ಕೈ ಮುರಿದಿತ್ತು. ಪಟ್ಟು ಹಾಕಿಸಿಕೊಂಡು ಬಂದೆ. ಅದು ಕೂಡುವವರೆಗೆ ನನ್ನ ಬಲಗೈಯೂ ಇಲ್ಲ, ಅವರ ಬಲಗೈಯೂ ಇಲ್ಲ. ಎರಡು ಎಡಗೈ ಸೇರಿ ಮುದ್ದೆ ಕಟ್ಟಿದ್ದನ್ನು, ತೆಂಗಿನಕಾಯಿ ಒಡೆದದ್ದನ್ನು ಈಗ ನೆನೆದರೆ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ. ಶೆಡ್ಡಿನ ಬಾಗಿಲನ್ನು ಅವರೇ ಕೋಲಿನಿಂದ ತಳ್ಳಿ ಮುಚ್ಚಿದರು. ಆ ಕಡೆ ನೋಡುವುದನ್ನೂ ಬಿಟ್ಟರು.

ಪಟ್ಟು ಬಿಚ್ಚಿದ ಮೇಲೆ ನಾನೇ ಬಾಗಿಲು ತೆರೆದೆ. "ಬನ್ನಿ" ಅಂದೆ. ಅವರು ಬೇಡವೆಂದು ತಲೆಯಾಡಿಸಿದರು. "ನೀವು ಬರ್ದಿದ್ರೆ ನಾನೊಬ್ಳೇ ತಿರುಗಿಸ್ತೀನಿ. ಇನ್ನೊಂದ್ ಕೈ ಮುರಿದ್ರೆ ನಿಮ್ಗೆ ಅನ್ನ ಮಾಡೋರಿಲ್ಲ, ನೋಡಿ" ಅಂದೆ. ಬಂದರು. ಕುರ್ಚಿಯಲ್ಲಿ ಕೂರದೆ ನೇರವಾಗಿ ಕಾರಿನ ಮುಂದಕ್ಕೆ ಬಂದು, ಮಡ್‌ಗಾರ್ಡಿಗೆ ಒರಗಿ ನಿಂತರು. ಕೋಲು ಕೆಳಗೆ ಹಾಕಿದರು. ನನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದು ಹ್ಯಾಂಡಲ್ ಮೇಲಿಟ್ಟರು. ನಾಲ್ಕು ಬೆರಳನ್ನು ಮೆಲ್ಲಗೆ ಮಡಿಸಿದರು. ಹೆಬ್ಬೆರಳನ್ನು ಮಾತ್ರ ಬಿಡಿಸಿ, ಸುತ್ತಲು ಬಿಡದೆ, ಉಳಿದ ಬೆರಳುಗಳ ಪಕ್ಕಕ್ಕೇ ತಂದು ಕೂರಿಸಿದರು. ನಾನು ಮರೆತು ಮತ್ತೆ ಸುತ್ತಿದೆ. ಮತ್ತೆ ಬಿಡಿಸಿದರು. ಹೆಬ್ಬೆರಳು ಸುತ್ತದಿದ್ದರೆ ಹ್ಯಾಂಡಲ್ ಹಿಂದಕ್ಕೆ ಒದ್ದರೂ ಕೈ ತಾನಾಗಿ ಜಾರಿ ಬಿಟ್ಟುಕೊಳ್ಳುತ್ತದೆ. ಅವತ್ತು ಅವರು ಹಿಂದಿನಿಂದ ಕೂಗಿದ್ದು ಇದಕ್ಕೇ.

ನನ್ನ ಕೈ ಅವರ ಕೈಯಲ್ಲೇ ಇತ್ತು. ಹಗಲು ಹೊತ್ತಿನಲ್ಲಿ, ಬೀದಿಗೆ ಕಾಣುವಂತೆ, ಅವರು ನನ್ನ ಕೈ ಹಿಡಿದದ್ದು ಧಾರೆಯ ದಿನ ಬಿಟ್ಟರೆ ಅದೇ. ನಾನು ಅಲುಗಾಡಲಿಲ್ಲ. ಅವರೂ ಬಿಡಲಿಲ್ಲ.

ಭರಣಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ ಬಿಗಿ ಮಾಡಿಸಿದರು. ಹ್ಯಾಂಡಲ್ ಎಳೆದೆ. ಏನೂ ಇಲ್ಲ. ಇನ್ನೊಮ್ಮೆ ಎಳೆದೆ. ಒಂದು ಕೆಮ್ಮು. ಮತ್ತೆ ಎಳೆದೆ, ಇಂಜಿನ್ ಹಿಡಿದುಕೊಂಡಿತು. ಶೆಡ್ಡಿನ ತಗಡೆಲ್ಲ ಗದಗದ ನಡುಗಿ ನೀಲಿ ಹೊಗೆ ತುಂಬಿತು. ಬೀದಿಯವರು ಬೆಂಕಿ ಬಿತ್ತೆಂದು ಓಡಿ ಬಂದರು. ಯಜಮಾನರು ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತಿದ್ದರು. ಅರ್ಧ ಮುಖ ನಗುತ್ತಿತ್ತು, ಇನ್ನರ್ಧ ಸುಮ್ಮನಿತ್ತು.

ಓಡಿಸುವುದನ್ನು ಕಲಿತದ್ದು ಊರಾಚೆಯ ಖಾಲಿ ಬಯಲಲ್ಲಿ. ಮೊದಲ ದಿನ ಲಾರಿ ಮೆಕ್ಯಾನಿಕ್ ಜೊತೆಗೆ ಬಂದು ಕ್ಲಚ್ಚು, ಗೇರು ತೋರಿಸಿಕೊಟ್ಟ. ಆಮೇಲೆ ನಾವಿಬ್ಬರೇ. ಯಜಮಾನರು ನನ್ನ ಎಡಗಡೆ ಕೂತು, ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲಿನ ತಗಡನ್ನು ತಟ್ಟುತ್ತಿದ್ದರು. ಮೆಲ್ಲಗೆ ತಟ್ಟಿದರೆ ಗೇರು ಬದಲಿಸು, ಬಡಿದರೆ ಬ್ರೇಕು. ಎಷ್ಟು ಬಡಿದರೆಂದರೆ ಅಲ್ಲಿಯ ಬಣ್ಣವೇ ಕಿತ್ತುಹೋಯಿತು. ಲೈಸೆನ್ಸ್ ಪರೀಕ್ಷೆಗೆ ತುಮಕೂರಿಗೆ ಹೋದಾಗ ಇನ್ಸ್‌ಪೆಕ್ಟರು ಕಾರನ್ನು ನೋಡಿ, ನನ್ನನ್ನು ನೋಡಿ, "ದಾರೀಲಿ ನಿಂತ್ರೆ ಏನ್ ಮಾಡ್ತೀರಮ್ಮ?" ಎಂದರು. "ಇಳಿದು ನೋಡ್ತೀನಿ ಸಾರ್" ಅಂದೆ. ಅವರು ನಕ್ಕು ಸಹಿ ಹಾಕಿಕೊಟ್ಟರು.

ಆಮೇಲೆ ಕೆಲವು ವರ್ಷ ನಮಗೆ ಒಂದು ಕ್ರಮ ಬಂತು. ಕೈಕಾಲು ತಿಕ್ಕಿಸಲು ಅವರನ್ನು ತುಮಕೂರಿಗೆ ಕರೆದೊಯ್ಯುತ್ತಿದ್ದೆ. ಮುಗಿದ ಮೇಲೆ ಕ್ಯಾತ್ಸಂದ್ರದವರೆಗೆ ಹೋಗಿ ತಟ್ಟೆ ಇಡ್ಲಿ ತಿನ್ನುತ್ತಿದ್ದೆವು. ಇವರು ಒಳಗೆ ಬರಲು ನಾಚುತ್ತಿದ್ದರು, ಬಾಯಿಯ ಪಕ್ಕದಲ್ಲಿ ಚಟ್ನಿ ಸೋರುತ್ತದೆಂದು. ಹೋಟೆಲಿನವರು ತಟ್ಟೆಯನ್ನು ಕಾರಿಗೇ ತಂದುಕೊಡುತ್ತಿದ್ದರು. ಮನೆಯಲ್ಲಿ ಮತ್ತೆ ಅದೇ ಮೌನ. ಆದರೆ ಭಾನುವಾರ ಬಂದರೆ ಇಬ್ಬರಿಗೂ ಕೆಲಸವಿತ್ತು. ಗ್ರೀಸು ತುಂಬುವುದು, ಬ್ರೇಕು ಬಿಗಿ ಮಾಡುವುದು, ರೇಡಿಯೇಟರಿನ ತೂತಿಗೆ ಬೆಸುಗೆ ಹಾಕಿಸುವುದು. ಈಗ ಕಾರಿನ ಕೆಳಗೆ ಮಲಗುತ್ತಿದ್ದವಳು ನಾನು. ಅವರಿಗೆ ಕಾಣುತ್ತಿದ್ದದ್ದು ನನ್ನ ಪಾದ. ಅಲ್ಲಿ ಮಲಗಿ ಮೇಲಿನ ಕಬ್ಬಿಣ ನೋಡುತ್ತಾ ಹೊರಗೆ ಅವರ ಕೋಲಿನ ಸದ್ದು ಕೇಳುವಾಗ, ಅವರು ಇಲ್ಲಿ ಯಾಕೆ ಅಷ್ಟು ಹೊತ್ತು ಇರುತ್ತಿದ್ದರೆಂದು ಅರ್ಥವಾಗುತ್ತಿತ್ತು. ಇಲ್ಲಿ ಯಾರೂ ಏನೂ ಕೇಳುವುದಿಲ್ಲ. ಅವರೂ ಒಂಟಿಯಾಗಿಯೇ ಇದ್ದರೇನೋ. ಒಂದೇ ಮನೆಯ ಎರಡು ಮೂಲೆಯಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಹಾಗೇ ಇದ್ದೆವೇನೋ.

ಒಂದು ಬೇಸಿಗೆಯಲ್ಲಿ ಮಾರ್ಕೋನಹಳ್ಳಿ ಡ್ಯಾಮು ನೋಡಲು ಹೊರಟೆವು. ಅವರೇ ಕ್ಯಾಲೆಂಡರಿನಲ್ಲಿದ್ದ ಕೆರೆಯ ಚಿತ್ರ ತೋರಿಸಿ, ಕುಣಿಗಲ್ ದಿಕ್ಕಿಗೆ ಕೈ ಮಾಡಿ, ನಾನು ಒಂದೊಂದೇ ಊರಿನ ಹೆಸರು ಹೇಳುತ್ತಾ ಹೋಗಿ, ಕಡೆಗೆ ಉದ್ದನೆಯ "ನಾಳೇ" ಸಿಕ್ಕಿತ್ತು. ಮದುವೆಯಾದ ಹೊಸತರಲ್ಲಿ ಅವರು ಆ ಕಡೆಯ ಹಳ್ಳಿಗಳಿಗೆ ದನ ನೋಡಲು ಹೋಗುತ್ತಿದ್ದರು. ನನ್ನನ್ನು ಕರೆದುಕೊಂಡು ಹೋಗಿರಲಿಲ್ಲ. ಕುಣಿಗಲ್ ದಾಟಿದ ಮೇಲೆ ನಡು ಬಿಸಿಲಲ್ಲಿ ಕಾರು ಮುಗ್ಗರಿಸಿ ನಿಂತಿತು. ಸುತ್ತ ಒಂದು ನರಪಿಳ್ಳೆ ಇಲ್ಲ. ಬಾನೆಟ್ ಎತ್ತಿದೆ. ಕಿಡಿ ಇತ್ತು. ಟ್ಯಾಂಕಿನಲ್ಲಿ ಪೆಟ್ರೋಲಿತ್ತು. ಗಿಂಡಿ ಮಾತ್ರ ಖಾಲಿ. ಪಂಪು ಮುಟ್ಟಿದರೆ ಕೈ ಸುಟ್ಟಿತು. ಸಾಂಬಾರು ಕುದಿದು ಉಕ್ಕುವ ಹಾಗೆ ಪೆಟ್ರೋಲು ಕೊಳವೆಯೊಳಗೇ ಆವಿಯಾಗಿಬಿಟ್ಟಿದ್ದರೆ? ಕುಡಿಯಲು ತಂದಿದ್ದ ನೀರಿನಲ್ಲಿ ಟವೆಲ್ ನೆನೆಸಿ ಪಂಪಿಗೆ ಸುತ್ತಿದೆ, ಒಣಗಿದಂತೆ ಮತ್ತೆ ನೀರು ಹಾಕಿದೆ. ಆಮೇಲೆ ಹ್ಯಾಂಡಲ್ ಹೊಡೆದರೆ ಕಾರು ಎದ್ದಿತು.

ಖುಷಿಯಿಂದ ಅವರ ಕಡೆ ತಿರುಗಿದೆ. ಅವರು ಸೀಟಿಗೆ ಒರಗಿ ನಿದ್ದೆ ಮಾಡುತ್ತಿದ್ದರು. ಇಷ್ಟು ಹೊತ್ತು ನಾನು ಏನು ಮಾಡುತ್ತಿದ್ದೇನೆಂದು ಅವರು ನೋಡಿಯೇ ಇರಲಿಲ್ಲ. ನಾನು ಸರಿ ಮಾಡುತ್ತೇನೆಂಬ ನಂಬಿಕೆಯಲ್ಲಿ ನಿದ್ದೆ ಹೋಗಿದ್ದರು. ಅದಕ್ಕಿಂತ ದೊಡ್ಡ ಶಭಾಷ್ ಇಲ್ಲ, ನಿಜ. ಆದರೂ ಆ ಕ್ಷಣ ನನಗೆ ಅಳು ಬಂತು. ಇನ್ನು ಮೇಲೆ ಅವರು ಬಾಗಿಲು ತಟ್ಟುವುದಿಲ್ಲ ಅನ್ನಿಸಿತು. ಡ್ಯಾಮಿನ ಹತ್ತಿರ ಎಬ್ಬಿಸಿದೆ. ನೀರಿನ ಮೇಲಿಂದ ಗಾಳಿ ಬರುತ್ತಿತ್ತು. ಬುತ್ತಿಯ ಚಿತ್ರಾನ್ನ ಉಂಡು, ಹೊತ್ತಿಳಿಯುವವರೆಗೆ ಇಬ್ಬರೂ ಕಾರಿನೊಳಗೇ ಕೂತಿದ್ದೆವು.

ಎಂಬತ್ತರ ದಶಕ ಶುರುವಾದ ಮೇಲೆ, ಒಂದು ಚಳಿಗಾಲದ ಬೆಳಿಗ್ಗೆ ಅವರು ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ತಿಥಿಯೆಲ್ಲ ಮುಗಿದ ಮೇಲೆ ಭಾವ ನನ್ನ ಎದುರು ಕೂತು, "ಏನ್ ಮಾಡ್ತೀಯಮ್ಮ ಒಬ್ಳೇ? ನಮ್ಮನೆಗೆ ಬಂದ್ಬಿಡು" ಎಂದರು. ಅವರ ಮನಸ್ಸು ಒಳ್ಳೆಯದೇ. "ಹೊಲಿಗೆ ಇದೆ ಭಾವ" ಅಂದೆ. ಕಾರಿನ ಸುದ್ದಿ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ವರ್ಷ ಇಂಜಿನ್ ಎಳೆಯುವುದು ಕಡಿಮೆಯಾಯಿತು. ಮೇಲಿನ ಭಾರದ ಮುಚ್ಚಳ ಬಿಚ್ಚಿ, ಒಳಗಿನ ವಾಲ್ವುಗಳನ್ನು ಅರೆದು ಕೂರಿಸಬೇಕಿತ್ತು. ಆ ಕೆಲಸ ಅವರಿದ್ದಾಗ ನಾನು ಮಾಡಿರಲಿಲ್ಲ. ತುಮಕೂರಿನ ಸಾಬರ ಅಂಗಡಿಯಲ್ಲಿ ಅರೆಯುವ ಪೇಸ್ಟು ತಂದೆ. ಹೇಗೆಂದು ಲಾರಿ ಮೆಕ್ಯಾನಿಕ್ ಹೇಳಿದ. ಒಂದೊಂದು ವಾಲ್ವನ್ನೂ ಅದರ ಕುಳಿಯಲ್ಲಿಟ್ಟು, ಮಜ್ಜಿಗೆ ಕಡೆಯುವ ಹಾಗೆ ಅಂಗೈಗಳ ನಡುವೆ ಕೋಲು ಹೊಸೆಯುತ್ತಾ ಅಂಚಿನಲ್ಲಿ ಬೂದು ಬಣ್ಣದ ಉಂಗುರ ಮೂಡುವವರೆಗೆ ಅರೆಯಬೇಕು. ಹಗಲೆಲ್ಲಾ ಅದೇ ಸದ್ದು. ಕೈಯಲ್ಲಿ ಬೊಬ್ಬೆ ಬಂತು. ಕೆಲಸ ಮಾಡುತ್ತಾ "ಇಷ್ಟು ಸಾಕಾ?" ಎಂದು ಕೇಳಿಬಿಟ್ಟೆ, ತಲೆಯೆತ್ತದೆ. ಉತ್ತರಕ್ಕೆ ಕಾದೆ ಕೂಡ. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಹೊಡೆದುಕೊಂಡು ಹೋದರು. ಒಂದೇ ಮಾತಿದ್ದ ಮನೆಗೂ ಯಾವ ಮಾತೂ ಇಲ್ಲದ ಮನೆಗೂ ಎಷ್ಟು ವ್ಯತ್ಯಾಸವಿದೆಯೆಂದು ಆವತ್ತು ತಿಳಿಯಿತು. ಇನ್ನೂ ಸ್ವಲ್ಪ ಅರೆದು, ಸಾಕೆಂದು ನಾನೇ ತೀರ್ಮಾನಿಸಿ ಮುಚ್ಚಿದೆ. ಜೋಡಿಸಿದ ಮೇಲೆ ಕಾರು ಚೆನ್ನಾಗಿ ಎಳೆಯಿತು. ಒಂದು ಟಕಟಕ ಸದ್ದು ಮಾತ್ರ ಉಳಿದುಬಿಟ್ಟಿತು. ಎಷ್ಟು ಹುಡುಕಿದರೂ ಎಲ್ಲಿಂದ ಎಂದು ಸಿಗಲಿಲ್ಲ. ಆ ಸದ್ದಿನ ಜೊತೆಗೇ ಇನ್ನೂ ಕೆಲವು ವರ್ಷ ಓಡಿಸಿದೆ. ಕುಣಿಗಲ್ಲಿನ ಮದುವೆಗಳಿಗೆ, ತುಮಕೂರಿನಿಂದ ಬಟ್ಟೆಯ ಥಾನು ತರಲು, ಕೆಲವು ಸಲ ಎಲ್ಲಿಗೂ ಅಲ್ಲದೆ.

ಆಮೇಲೆ ನನಗೆ ಸಕ್ಕರೆ ಕಾಯಿಲೆ ಬಂತು, ಕಣ್ಣು ಮಂಜಾಯಿತು. ಒಂದು ಸಂಜೆ ಗುಬ್ಬಿಗೆ ಬರುವ ದಾರಿಯಲ್ಲಿ ದೀಪವಿಲ್ಲದ ಎತ್ತಿನ ಗಾಡಿಯೊಂದು ತೀರಾ ಹತ್ತಿರ ಬರುವವರೆಗೆ ನನಗೆ ಕಾಣಲಿಲ್ಲ. ಬ್ರೇಕು ಹಿಡಿಯಿತು, ಎತ್ತುಗಳು ಬೆದರಿದವು, ಯಾರಿಗೂ ಏನೂ ಆಗಲಿಲ್ಲ. ಮನೆಗೆ ಬಂದು ಶೆಡ್ಡಿನಲ್ಲಿ ನಿಲ್ಲಿಸಿ, ಸ್ಟೇರಿಂಗ್ ಹಿಡಿದು ತುಂಬಾ ಹೊತ್ತು ಕೂತಿದ್ದೆ.

ತುಮಕೂರಿನಲ್ಲಿ ಹಳೆಯ ಕಾರುಗಳೆಂದರೆ ಪ್ರಾಣ ಬಿಡುವ ಕಾಲೇಜು ಮೇಷ್ಟರೊಬ್ಬರಿದ್ದಾರೆಂದು ಸಾಬರು ಹೇಳಿದ್ದರು. ಅವರಿಗೆ ಹೇಳಿ ಕಳಿಸಿದೆ. ಬಂದು ತೆಗೆದುಕೊಂಡು ಹೋಗುತ್ತೇನೆಂದರು. ನಾನು ಬೇಡವೆಂದೆ. ಒಂದು ಬೆಳಿಗ್ಗೆ, ಬಿಸಿಲು ಚೆನ್ನಾಗಿರುವಾಗ, ನಾನೇ ಓಡಿಸಿಕೊಂಡು ಹೋಗಿ ಅವರ ಮನೆಯ ಮುಂದೆ ನಿಲ್ಲಿಸಿದೆ. ಎಲ್ಲೆಲ್ಲಿ ಏನೇನು ಹಠ ಮಾಡುತ್ತದೆಂದು ತೋರಿಸಿದೆ. ಅವರು ಕಿವಿಯಿಟ್ಟು ಕೇಳಿ, "ಆ ಟಕಟಕ ಏನಮ್ಮ ಅದು?" ಅಂದರು.

"ನಂಗೂ ಗೊತ್ತಾಗ್ಲಿಲ್ಲ. ನೀವ್ ಹುಡ್ಕಿ" ಅಂದೆ.

ಅವರ ಹೆಂಡತಿ ಕುಂಕುಮದ ಭರಣಿ ಹಿಡಿದು ಬಂದು, ನನ್ನ ಹಣೆ ನೋಡಿ ತಡವರಿಸಿದರು. ಆಮೇಲೆ ಒಳಗೆ ಕರೆದು ಕಾಫಿ ಕೊಟ್ಟರು. ಕುಡಿದು ಬಸ್ ಸ್ಟ್ಯಾಂಡಿಗೆ ನಡೆದೆ. ಗುಬ್ಬಿ ಬಸ್ಸಿನಲ್ಲಿ ಮುಂದಿನ ಸೀಟೇ ಸಿಕ್ಕಿತು. ಡ್ರೈವರ್ ತಿರುವುಗಳಲ್ಲಿ ಬಹಳ ಜೋರು. ಪ್ರತಿ ತಿರುವಿಗೂ ನನ್ನ ಬಲಗಾಲು ತಾನಾಗಿ ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಅದನ್ನೇ ನೋಡುತ್ತಿದ್ದವಳು, "ಕಾಲು ಜೋಮು ಹಿಡೀತೇನಕ್ಕ?" ಎಂದು ಕೇಳಿದಳು. ಹೂಂ ಅಂದೆ.